ಎಳ್ಳಕ್ಕನ ಗಾಡಿ

ರವೆಯನ್ನು ಅವಸರಪಡಿಸಲು ಬರುವುದಿಲ್ಲ. ಮೈದಾಹಿಟ್ಟಾದರೆ ನೀರು ಬಿದ್ದ ಕೂಡಲೇ ಶರಣೆಂದು ಕೈಗಂಟಿಕೊಳ್ಳುತ್ತದೆ. ರವೆ ಹಾಗಲ್ಲ. ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತ, ಕುಡಿದದ್ದನ್ನು ಒಳಗೇ ಇಟ್ಟುಕೊಂಡು, ಇನ್ನೂ ಬಾಯಾರಿದವರ ಹಾಗೆ ಮುಖ ಮಾಡಿಕೊಂಡಿರುತ್ತದೆ. ತಿಳಿಯದವರು ಆಗ ಇನ್ನಷ್ಟು ನೀರು ಸುರಿದು ಕೆಸರು ಮಾಡಿಕೊಳ್ಳುತ್ತಾರೆ. ತಿಳಿದವರು ಒದ್ದೆ ಬಟ್ಟೆ ಮುಚ್ಚಿ ಬೇರೆ ಕೆಲಸ ನೋಡುತ್ತಾರೆ.

ಎಳ್ಳಕ್ಕನಿಗೆ ನೋಡಲು ಬೇರೆ ಕೆಲಸವಿರಲಿಲ್ಲ. ಬಟ್ಟೆ ಮುಚ್ಚಿ ಪಾತ್ರೆಯ ಎದುರಿಗೇ ಕೂತಳು.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಬ್ರೆಡ್ಡಿನ ಕಾರ್ಖಾನೆಯ ಹಾಜರಿಯಲ್ಲಿ ಕೂಗುವಾಗ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಳ್ಳು ಮೆತ್ತಿದ ರವೆ ಬ್ರೆಡ್ಡಿನ ಮೇಜಿನಲ್ಲಿ ಅಷ್ಟು ವರ್ಷ ನಿಂತವಳು. ಮನೆಗೆ ಬಂದು ತಲೆ ಬಾಚಿದರೆ ಬಾಚಣಿಗೆಯಿಂದ ಎಳ್ಳು ಉದುರುತ್ತಿತ್ತು, ಹುಬ್ಬಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಹಾಗಾಗಿ ಎಳ್ಳಕ್ಕ. ಈಗ ಹಾಜರಿಯಲ್ಲಿ ಕೂಗುವವರೂ ಇಲ್ಲ. ಕೆಲಸ ಹೋಗಿ ಒಂದು ಬೇಸಿಗೆ ಕಳೆದಿತ್ತು. ತಲೆಯಲ್ಲಿ ಎಳ್ಳಿಲ್ಲ. ಹೆಸರು ಮಾತ್ರ ಉಳಿದಿತ್ತು.

ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿದರೆ ಅವಳ ಎರಡು ಕೋಣೆ. ಕಿಟಕಿ ತೆರೆದರೆ ಎದುರು ಮನೆಯ ಗೋಡೆ, ಗೋಡೆಯ ಮೇಲೆ ಕೊಳವೆಗಳು. ಕೆಳಗೆ ಟೈಲರ್ ಅಂಗಡಿ. ಹಗಲೆಲ್ಲ ಹೊಲಿಗೆ ಯಂತ್ರದ ಸದ್ದು ನೆಲದೊಳಗಿಂದ ಪಾದಕ್ಕೆ ಹತ್ತುತ್ತಿತ್ತು. ಟೈಲರ್ ಕಳಿಸುವ ಅಂಗಿಗಳಿಗೆ ಗುಂಡಿ ಹಾಕಿ, ಅಂಚು ಮಡಿಸಿ ಹೊಲಿದುಕೊಟ್ಟು ಅವಳ ಹೊಟ್ಟೆಪಾಡು ನಡೆಯುತ್ತಿತ್ತು. ಬ್ರೆಡ್ಡು ಮಾತ್ರ ಮನೆಯಲ್ಲೇ. ಕಂಪನಿಯ ಬ್ರೆಡ್ಡು ತನ್ನ ಮೆಟ್ಟಿಲು ಹತ್ತಬಾರದೆಂದು ಹಟ ಹಿಡಿದಿದ್ದಳು. ಮಾಲೀಕನಿಗೆ ಅದರಿಂದ ಎಳ್ಳಷ್ಟೂ ನಷ್ಟವಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು. ಹಟಕ್ಕೆ ಲಾಭನಷ್ಟದ ಚಿಂತೆಯಿದ್ದರೆ ಅದು ವ್ಯಾಪಾರವಾಗುತ್ತದೆ.

ಮೊದಮೊದಲು ಮನೆಯಲ್ಲಿ ಬ್ರೆಡ್ಡು ಮಾಡಲು ಹೋಗಿ ಅವಳು ನಗೆಪಾಟಲಾದಳು. ನಗಲು ಯಾರೂ ಇರಲಿಲ್ಲ ಎನ್ನುವುದಷ್ಟೇ ಸಮಾಧಾನ. ಅವಳ ಕೈಗೆ ಗೊತ್ತಿದ್ದದ್ದು ಕಣಕ ನಾದುವ ಆಳುದ್ದದ ತೊಟ್ಟಿ. ಉಪ್ಪೆಂದರೆ ಮುಷ್ಟಿ, ನೀರೆಂದರೆ ಕೊಡ. ಒಂದೇ ಒಂದು ಬ್ರೆಡ್ಡನ್ನು ಅವಳು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಮೊದಲನೆಯದು ಕಡಲಿನಷ್ಟು ಉಪ್ಪಾಯಿತು. ಆಮೇಲಿನದು ಇಟ್ಟಿಗೆ. ಚಿಟಿಕೆಯೆಂದರೆ ಎಷ್ಟು ಎನ್ನುವುದನ್ನು ಬೆರಳುಗಳಿಗೆ ಹೊಸದಾಗಿ ಕಲಿಸಬೇಕಾಯಿತು. ಎಷ್ಟು ಇಳಿಸಿದರೂ ಎರಡು ಬ್ರೆಡ್ಡಿಗಿಂತ ಕೆಳಗೆ ಅವಳ ಕೈ ಇಳಿಯಲೇ ಇಲ್ಲ. ಒಂದರ ಕಣಕ ಅಂಗೈಯಡಿ ಸಿಕ್ಕಿ ಜಾರುತ್ತಿತ್ತು, ನಾದಲು ತೂಕವೇ ಸಾಲದು. ಎರಡನೆಯದು ಟೈಲರನ ಮನೆಗೆ ಹೋಗುವುದು ರೂಢಿಯಾಯಿತು.

ಇನ್ನೊಂದು ಸೋಜಿಗ ಸ್ಟೂಲಿನದು. ಮೇಜಿನ ಹೆಂಗಸರು ಕೆಲಸ ನಿಲ್ಲಿಸಿ ಗೇಟಿನ ಹೊರಗೆ ಕೂತದ್ದೇ ಒಂದು ಸ್ಟೂಲಿಗಾಗಿ. ದಿನವಿಡೀ ನಿಂತು ಕಾಲಿನ ನರ ಗಂಟುಕಟ್ಟಿದ್ದವು. ಕೂರಲು ಒಂದೊಂದು ಸ್ಟೂಲು ಕೊಡಿ ಎಂದು ಕೇಳಿದ್ದರು, ಅಷ್ಟೇ. ಬ್ರೆಡ್ಡು ಕೂಡ ಟ್ರೇಯ ಮೇಲೆ ಮಲಗಿಯೇ ಬೇಯುತ್ತದೆ, ಮಾಡುವವರು ಮಾತ್ರ ನಿಂತೇ ಬೇಯಬೇಕೆಂದು ಆ ಕಂಪನಿಯ ನೇಮ. ಹೊಟ್ಟೆ ಚುರುಗುಟ್ಟುವವರೆಗೆ ಕಾಯಿಸಿ ಮಾಲೀಕ ಒಂದು ಕಾಗದ ಕಳಿಸಿದ: ತಪ್ಪಾಯಿತು, ಇನ್ನು ಹೀಗೆ ಮಾಡುವುದಿಲ್ಲ ಎಂದು ಬರೆದದ್ದಕ್ಕೆ ಸಹಿ ಹಾಕಿದವರು ಒಳಗೆ. ಎಲ್ಲರೂ ಹಾಕಿದರು. ಎಳ್ಳಕ್ಕ ಹಾಕಲಿಲ್ಲ. ಅವಳೀಗ ಮನೆಯಲ್ಲಿ ಒಂದು ಸ್ಟೂಲು ಇಟ್ಟುಕೊಂಡಿದ್ದಳು. ಆದರೆ ಕೂತು ನಾದಲು ಅವಳಿಗೆ ಬರುತ್ತಲೇ ಇರಲಿಲ್ಲ. ಕಣಕ ಕೈಗೆ ಬಂದ ಕೂಡಲೇ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು.

ಊರಿನ ಆಚೆ ಬದಿಯಲ್ಲಿರುವ ತಮ್ಮ ಆಗಾಗ ಫೋನು ಮಾಡುತ್ತಿದ್ದ. “ಒಂದು ಸಹಿ ಹಾಕಿದ್ರೆ ನಿನ್ನ ಕೈ ಸವೀತಿತ್ತೇನೇ ಅಕ್ಕ?”

“ಕೈ ಸವೆದಾಗಿದೆ ಕಣೋ. ಬಾಕಿ ಇದ್ದಿದ್ದು ಮುಖ ಒಂದೇ.”

“ನಿನ್ ಜೊತೆ ಕೂತಿದ್ರಲ್ಲ, ಅವರಲ್ಲಿ ಯಾರಾದ್ರೂ ಬಂದು ನೋಡಿದ್ರಾ?”

ಅಲ್ಲಿಗೆ ಅವಳು ಒಲೆಯ ಮೇಲೆ ಏನೋ ಇದೆಯೆಂದು ಫೋನು ಇಡುತ್ತಿದ್ದಳು. ಯಾರೂ ಬಂದಿರಲಿಲ್ಲ. ಮೇಜಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ನಿಂತವರು, ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರು ಕೈಹಾಕಿ ಉಂಡವರು, ಒಬ್ಬರೂ ಮೆಟ್ಟಿಲು ಹತ್ತಿರಲಿಲ್ಲ. ಅವಳ ಪಕ್ಕದಲ್ಲೇ ನಿಲ್ಲುತ್ತಿದ್ದ ಗುದ್ದಲಿಯೂ ಬಂದಿರಲಿಲ್ಲ. ಬ್ರೆಡ್ಡಿನ ನೆತ್ತಿ ಕೊಯ್ಯುವ ಬ್ಲೇಡನ್ನು ಅಗತ್ಯಕ್ಕಿಂತ ಆಳಕ್ಕೆ ಇಳಿಸುತ್ತಾಳೆಂದು ಅವಳಿಗೆ ಆ ಹೆಸರು. ಬ್ರೆಡ್ಡು ಉಬ್ಬಿಸುವ ಹುಳಿ ಹಿಟ್ಟಿನ ಉಂಡೆಯೊಂದನ್ನು ಎಳ್ಳಕ್ಕನ ಡಬ್ಬಿಗೆ ತುರುಕಿ, “ನಾವು ಹೊರಗೆ ಕೂತ್ರೆ ಇದು ಸತ್ತೋಗುತ್ತೆ, ನೀನು ಬದುಕಿಸಿಕೋ” ಎಂದವಳೂ ಅವಳೇ. ಕಂಪನಿಯಿಂದ ಎಳ್ಳಕ್ಕ ತಂದ ಆಸ್ತಿ ಅದೊಂದೇ. ಆ ಹುಳಿಗೆ ದಿನವೂ ರವೆ ನೀರು ಉಣಿಸಿ ಉಳಿಸಿಕೊಂಡಿದ್ದಳು. ಮನೆಯಲ್ಲಿ ಅವಳನ್ನು ಬಿಟ್ಟರೆ ಉಸಿರಾಡುತ್ತಿದ್ದದ್ದು ಅದು.

ಬಟ್ಟೆ ಸರಿಸಿ ನೋಡಿದಳು. ರವೆ ನೀರು ಕುಡಿದು ಮೆತ್ತಗಾಗಿತ್ತು. ಹುಳಿ ಸೇರಿಸಿ, ಎದ್ದು ನಿಂತು ನಾದತೊಡಗಿದಳು. ಅಷ್ಟರಲ್ಲಿ ಮೆಟ್ಟಿಲು ದಡದಡ ಅಂದಿತು.

“ಅಕ್ಕಾ, ಬಾಗಿಲು ತೆಗೀರಿ. ಕಳ್ಳತನ ಸಿಕ್ಕಿಬಿದ್ದಿದೆ!” ಟೈಲರ್.

“ಯಾರದಪ್ಪಾ?”

“ನಿಮ್ಮದೇ.”

ಅವನ ಕೈಯಲ್ಲಿ ಕಂಪನಿಯ ಎಳ್ಳು ಬ್ರೆಡ್ಡು. ಹಿಂದಿನ ವಾರ ಎಳ್ಳಕ್ಕನ ಓವನ್ನಿನ ತಂತಿ ಸುಟ್ಟಿತ್ತು. ರಿಪೇರಿಯಾಗಿ ಬಂದದ್ದು ಇವತ್ತು. ನಡುವೆ ಬ್ರೆಡ್ಡಿಲ್ಲದೆ ಟೈಲರನ ಹೆಂಡತಿ ಅಂಗಡಿಯಿಂದ ತಂದಿದ್ದಳು.

“ನಮಗೆ ಮಾತ್ರ ‘ಆ ಕಂಪನಿ ಬ್ರೆಡ್ಡು ನನ್ನ ಮೆಟ್ಟಿಲು ಹತ್ತಬಾರದು’ ಅಂತ ಭಾಷಣ. ನೀವು ನೋಡಿದ್ರೆ ಕದ್ದುಮುಚ್ಚಿ ಹಳೇ ಕೆಲಸಕ್ಕೆ ಹೋಗ್ತಿದ್ದೀರಿ. ಇದು ನಿಮ್ಮ ಗೆರೆ ಅಲ್ವಾ? ದಿನಾ ತಿಂತೀನಿ, ನನಗೆ ಗೊತ್ತಾಗಲ್ವಾ?”

ಎಳ್ಳಕ್ಕ ಕೈ ಒರೆಸಿಕೊಂಡು ಬ್ರೆಡ್ಡನ್ನು ತೆಗೆದುಕೊಂಡಳು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಉದ್ದ ಗೆರೆ, ಅದರ ಒಂದೇ ಮಗ್ಗುಲಿಗೆ ಎರಡು ಗಿಡ್ಡ ಗೆರೆ. ಒಂದು ಕಡೆಯ ಎಲೆಯೆಲ್ಲ ಉದುರಿಹೋದ ಕಡ್ಡಿಯ ಹಾಗೆ. ಅವಳ ಗುರುತೇ.

ಮೇಜಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುರುತು. ಬ್ರೆಡ್ಡನ್ನು ಒದ್ದೆ ಬಟ್ಟೆಯ ಮೇಲೆ ಹೊರಳಿಸಿ, ಎಳ್ಳಿನ ತಟ್ಟೆಯಲ್ಲಿ ಉರುಳಿಸಿ, ಉಬ್ಬಿದ ಮೇಲೆ ನೆತ್ತಿಗೆ ಬ್ಲೇಡು ಎಳೆಯಬೇಕು. ಎಳೆಯದಿದ್ದರೆ ಒಳಗಿನ ಹಬೆಗೆ ದಾರಿಯಿಲ್ಲದೆ ಬ್ರೆಡ್ಡು ಮಗ್ಗುಲಲ್ಲಿ ಬಾಯಿಬಿಡುತ್ತದೆ. ಆ ಗೆರೆಯನ್ನೇ ಕಂಪನಿ ಬೇಡಿ ಮಾಡಿತು: ಪ್ರತಿಯೊಬ್ಬಳೂ ತನ್ನದೇ ಗೆರೆ ಕೊಯ್ಯಬೇಕು, ತನ್ನ ಗುರುತಿನ ಬ್ರೆಡ್ಡು ಟ್ರೇ ಸಾಗಿಸುವ ತನ್ನ ತಳ್ಳುಗಾಡಿ ತುಂಬಬೇಕು. ವಕ್ರವಾದ ಬ್ರೆಡ್ಡು ಯಾರದೆಂದು ಸೂಪರ್‌ವೈಸರ್ ಭಟ್ಟಿಯ ಬಾಯಲ್ಲೇ ಹಿಡಿಯುತ್ತಿದ್ದ. ಸಿಕ್ಕಿಬಿದ್ದವಳನ್ನು ಆ ದಿನವೆಲ್ಲ ಟ್ರೇ ತೊಳೆಯುವ ತೊಟ್ಟಿಗೆ ನಿಲ್ಲಿಸುತ್ತಿದ್ದ. ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಅಂಗೈ ಸುಲಿದು ಬರುತ್ತಿತ್ತು.

ಬೇಡಿಯನ್ನೇ ಬಳೆ ಮಾಡಿಕೊಂಡವರು ಹೆಂಗಸರು. ಯಾರಿಗಾದರೂ ಜ್ವರವೆಂದರೆ, ಮಗುವಿಗೆ ಹುಷಾರಿಲ್ಲವೆಂದು ಯಾರಾದರೂ ಕಳ್ಳಬಾಗಿಲಿನಿಂದ ಓಡಿದರೆಂದರೆ, ಉಳಿದವರು ತಮ್ಮ ತಮ್ಮ ಬ್ರೆಡ್ಡಿನಲ್ಲಿ ಕೆಲವಕ್ಕೆ ಅವಳ ಗುರುತು ಕೊಯ್ದುಬಿಡುವರು. ಅವಳ ಗಾಡಿ ತುಂಬುತ್ತಿತ್ತು. ಗಾಡಿ ತುಂಬಿದರೆ ಅವಳು ಇದ್ದಾಳೆಂದೇ ಲೆಕ್ಕ. ಸೂಪರ್‌ವೈಸರ್ ಮುಖ ನೋಡುವವನಲ್ಲ, ಗಾಡಿ ನೋಡುವವನು. ಎಳ್ಳಕ್ಕನ ಅಮ್ಮ ಸಾಯುವಾಗ ಅವಳು ಹಾಸಿಗೆಯ ಪಕ್ಕದಲ್ಲಿ ಕೂರಲು ಸಾಧ್ಯವಾದದ್ದೇ ಹಾಗೆ. ಅಮ್ಮನ ಉಸಿರು ನಿಂತ ಹೊತ್ತಿನಲ್ಲಿ ಅವಳ ಗುರುತಿನ ಬ್ರೆಡ್ಡುಗಳು ಭಟ್ಟಿಯಿಂದ ಹೊರಬರುತ್ತಿದ್ದವು.

“ಗುರುತು ನಂದೇ,” ಎಂದಳು ಎಳ್ಳಕ್ಕ. “ಕೈ ನಂದಲ್ಲ.”

“ಅದು ಹೇಗೆ?”

“ನಾನು ಎಡಚಿ ಕಣಪ್ಪ. ಬ್ಲೇಡು ಇಳಿದ ಕಡೆ ಗೆರೆ ಆಳ, ಎತ್ತಿದ ಕಡೆ ತೆಳು. ನಂದು ಬಲದಿಂದ ಎಡಕ್ಕೆ ತೆಳುವಾಗುತ್ತೆ. ಇದು ನೋಡು, ತಿರುಗುಮುರುಗು. ನೀನು ಹೊಲಿದ ಅಂಗಿ ಯಾವುದು, ನಿನ್ನ ತಮ್ಮ ಹೊಲಿದದ್ದು ಯಾವುದು ಅಂತ ನಿಂಗೆ ಗೊತ್ತಾಗಲ್ವಾ?”

“ಅವನು ಹೊಲಿದಿದ್ದು ಊರಿಗೇ ಗೊತ್ತಾಗುತ್ತೆ ಬಿಡಿ. ಒಂದು ತೋಳು ಇನ್ನೊಂದರ ಜೊತೆ ಮಾತು ಬಿಟ್ಟಿರುತ್ತೆ.” ಟೈಲರ್ ನಕ್ಕ. ಅವಳು ನಗದಿರುವುದನ್ನು ಕಂಡು ಬ್ರೆಡ್ಡನ್ನು ಅಲ್ಲೇ ಬಿಟ್ಟು ಕೆಳಗಿಳಿದ.

ಗೆರೆ ಆಳವಾಗಿತ್ತು. ಬ್ರೆಡ್ಡಿನ ನೆತ್ತಿ ಬಿರಿದು ತುಟಿಯ ಹಾಗೆ ತೆರೆದುಕೊಂಡಿತ್ತು. ಇಷ್ಟು ಆಳಕ್ಕೆ ಇಳಿಸುವ ಕೈ ಆ ಮೇಜಿನಲ್ಲಿ ಒಂದೇ.

ಮಾರನೆಯ ಬೆಳಿಗ್ಗೆ ಎಳ್ಳಕ್ಕ ಮೂಲೆಯ ಅಂಗಡಿಗೆ ಹೋಗಿ ಬ್ರೆಡ್ಡಿನ ರಾಶಿಯ ಮುಂದೆ ನಿಂತಳು. ಒಂದೊಂದನ್ನೇ ಎತ್ತಿ, ತಿರುಗಿಸಿ, ಇಟ್ಟಳು.

“ಏನಕ್ಕ, ಕನ್ಯೆ ನೋಡೋಕೆ ಬಂದ ಹಾಗಿದೆ?” ಅಂಗಡಿಯವನು ಕೇಳಿದ. “ಎಲ್ಲಾ ಒಂದೇ ರುಚಿ. ಕಣ್ಣುಮುಚ್ಚಿ ಒಂದು ತಗೊಳ್ಳಿ.”

“ಕಣ್ಣುಮುಚ್ಚಿ ತಗೊಂಡವರ ಸಂಸಾರ ನೋಡಿದ್ದೀನಪ್ಪ. ನೀನು ಸುಮ್ನಿರು.”

ಅವಳ ಗುರುತಿನವು ಇನ್ನಷ್ಟು ಸಿಕ್ಕಿದವು. ಒಂದು ಆಳ, ಗುದ್ದಲಿಯದು. ಇನ್ನೊಂದು ಹೆದರಿದ ಹಾಗೆ ನಡುವೆ ನಿಂತು ಮತ್ತೆ ಎಳೆದದ್ದು; ಅದು ಮೇಜಿನ ತುದಿಯ ಬಾಣಂತಿಯ ಕೈ. ಮತ್ತೊಂದು ಸರ್ರನೆ ಎಳೆದದ್ದು, ಗೆರೆಯ ಬಾಲ ಎಳ್ಳನ್ನು ಕಿತ್ತುಕೊಂಡು ಹೋಗಿತ್ತು, ಅದು ಬಾಯಿಬಡುಕಿಯದು. ಒಬ್ಬಳಲ್ಲ. ಎಲ್ಲರೂ.

ಎಳ್ಳಕ್ಕ ಏನೂ ಕೊಳ್ಳದೆ ಮನೆಗೆ ಬಂದಳು. ಅವಳಿಗೆ ಜ್ವರವಿಲ್ಲ, ಹೆರಿಗೆಯಿಲ್ಲ. ಅವಳು ಹೊರಗಿದ್ದಳು, ಅಷ್ಟೇ. ಹೊರಗಿದ್ದವಳ ಗಾಡಿಯನ್ನೂ ತುಂಬುತ್ತಿದ್ದಾರೆಯೇ? ಮೆಟ್ಟಿಲು ಹತ್ತಿ ಬರಲು ಮುಖವಿಲ್ಲದವರು ಬ್ಲೇಡಿನ ತುದಿಯಲ್ಲಿ ಹೇಳಿ ಕಳಿಸುತ್ತಿದ್ದಾರೆಯೇ, ನಿನ್ನ ಜಾಗ ಇದೆ ಎಂದು? ಇಡೀ ಬೇಸಿಗೆ ಅವರಿಗೆಲ್ಲ ಎಳ್ಳುನೀರು ಬಿಟ್ಟೆನೆಂದುಕೊಂಡು ಕೂತಿದ್ದವಳು ಅವಳು. ಈಗ ಅವಳಿಗೆ ಬೇಕಾದದ್ದು ಒಂದೇ ಮಾತು. ಹೌದೋ ಅಲ್ಲವೋ, ಅದನ್ನು ಗುದ್ದಲಿಯ ಬಾಯಿಂದಲೇ ಕೇಳಬೇಕು.

ಆ ದಿನ ಎಳ್ಳಕ್ಕ ರವೆ ನೆನೆಸಿದ ರೀತಿಯೇ ಬೇರೆ. ಎಣ್ಣೆ ಒಂದು ಹನಿ ಹೆಚ್ಚು ಹಾಕಿದಳು. ಎಳ್ಳನ್ನು ಮೊರದಲ್ಲಿ ಕೇರಿ ಕಲ್ಲು ಆರಿಸಿದಳು. ತಮ್ಮ ಕೊಟ್ಟಿದ್ದ ಆ ಹಳೆಯ ಓವನ್ನಿನ ಬಾಗಿಲು ನಿಲ್ಲುತ್ತಿರಲಿಲ್ಲ. ಅದಕ್ಕೆ ಸೌಟು ಆನಿಸಿ, ಒಳಗೆ ಚಿಟಿಕೆ ರವೆ ಎಸೆದು, ಅದು ಕಂದಾಗುವ ಬಣ್ಣ ನೋಡಿ ಬಿಸಿ ಅಳೆದಳು. ನೆತ್ತಿಯ ಮೇಲೆ ಎಡಗೈಯಿಂದ ಗುರುತು ಕೊಯ್ದಳು. ಉದ್ದಕ್ಕೊಂದು, ಮಗ್ಗುಲಿಗೆರಡು. ಇಷ್ಟು ಚೆಂದ ಕಂಪನಿಯಲ್ಲೂ ಕೊಯ್ದಿರಲಿಲ್ಲ. ಬೆಂದ ಎಳ್ಳಿನ ವಾಸನೆಗೆ ಕೆಳಗಿನ ಯಂತ್ರ ಒಂದು ಗಳಿಗೆ ನಿಂತಿತು.

“ಅಕ್ಕಾ, ನಮ್ಮ ಪಾಲು?” ಟೈಲರ್ ಕೆಳಗಿನಿಂದ ಕೂಗಿದ.

“ಇವತ್ತಿಲ್ಲ. ಎರಡೂ ಹೊರಗೆ ಹೋಗುತ್ತೆ.”

ಬಿಸಿಯಾರದ ಬ್ರೆಡ್ಡುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಎದುರು ನಿಂತಳು. ಅದೇ ಗೇಟು, ಅದೇ ಗೋಡೆ. ಅವರು ಕೂತಿದ್ದ ಜಾಗದಲ್ಲಿ ಈಗ ಕಂಪನಿಯವರು ಹೂಕುಂಡ ಇಟ್ಟಿದ್ದರು, ಇನ್ನು ಯಾರೂ ಕೂರಬಾರದೆಂದು. ಕುಂಡಗಳಿಗೆ ಮಾತ್ರ ಕೂರಲು ಕಟ್ಟೆ ಕಟ್ಟಿಸಿದ್ದರು.

ಸೈರನ್ ಆಯಿತು. ಹೆಂಗಸರು ಹೊರಬಂದರು. ಬಾಣಂತಿ ಅವಳನ್ನು ಕಂಡು ತಲೆ ಬಗ್ಗಿಸಿ ಬೇಗ ಬೇಗ ನಡೆದಳು. ಬಾಯಿಬಡುಕಿ ನಿಲ್ಲದೆಯೇ, ಪಕ್ಕದವಳಿಗೆ ಹೇಳುವ ಹಾಗೆ, “ನೋಡಿದ್ಯಾ, ಮಹಾರಾಣಿ ಗಾಡಿ ತುಂಬಿದ್ಯೋ ಇಲ್ವೋ ಅಂತ ನೋಡೋಕೆ ಬಂದಿದ್ದಾರೆ,” ಎಂದು ಹಾದುಹೋದಳು.

ಎಲ್ಲರಿಗಿಂತ ಹಿಂದೆ ಗುದ್ದಲಿ. ಎರಡೂ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಎಳ್ಳಕ್ಕನನ್ನು ನೋಡಿ ನಿಂತಳು.

“ಬದುಕಿದ್ದೀಯಾ?”

“ಇದ್ದೀನಿ ಕಣೇ. ನಿನ್ನ ಹುಳೀನೂ ಬದುಕಿದೆ. ತಗೋ.” ಎಳ್ಳಕ್ಕ ಬಟ್ಟೆ ಬಿಚ್ಚಿದಳು. ಬಿಸಿ ಆರಿರಲಿಲ್ಲ.

ಗುದ್ದಲಿ ಬ್ರೆಡ್ಡಿನ ನೆತ್ತಿ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಕಣಕದ ಹಾಗೆ ಬಿಗಿಯಿತು. ಆಮೇಲೆ ನಕ್ಕಳು, ಅದು ನಗುವಾಗಿರಲಿಲ್ಲ.

“ಇದನ್ನ ತಂದ್ಯಾ? ಬೆಳಗಿಂದ ಇದನ್ನೇ ಕೊಯ್ದು ಕೊಯ್ದು ಕೈ ಬಿದ್ದೋಗಿದೆ. ಮನೇಲಿ ಕೂತು ನೀನೂ ಎರಡು ಕೊಯ್ಕೊಂಡು ಬಂದ್ಯಾ, ನಂಗೆ ತೋರಿಸೋಕೆ?”

“ನಂಗೋಸ್ಕರ ಕೊಯ್ತಿದ್ದೀರಿ ಅಂತ ಗೊತ್ತಾಯ್ತು. ಅಂಗಡೀಲಿ ನೋಡ್ದೆ. ನಿನ್ನ ಕೈ ಗುರುತು ಸಿಕ್ತು.”

“ನಿಂಗೋಸ್ಕರ?” ಗುದ್ದಲಿಯ ದನಿ ಏರಿತು. “ಅಯ್ಯೋ ಹುಚ್ಚಿ! ನಾವು ಸಹಿ ಹಾಕಿ ಒಳಗೆ ಹೋದ ದಿನ ಆ ಸೂಪರ್‌ವೈಸರ್ ಏನಂದ ಗೊತ್ತಾ? ‘ಅವಳಿಗೆ ಜ್ವರ ಬಂದಾಗ ಗಾಡಿ ತುಂಬಿಸ್ತಿದ್ರಲ್ಲ, ನಾನೇನು ಕುರುಡ ಅಂದ್ಕೊಂಡಿದ್ರಾ? ಎಲ್ಲಾ ನೋಡ್ತಿದ್ದೆ. ಆಗ ಆಯ್ತು ಅಂದ್ಮೇಲೆ ಈಗಲೂ ಆಗುತ್ತೆ. ತುಂಬಿಸಿ’ ಅಂದ. ನಿನ್ನ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ ಕಣೇ. ನಿನ್ನ ಗಾಡಿ ಹಾಗೇ ನಿಂತಿದೆ. ದಿನಾ ತುಂಬಬೇಕು, ನಮ್ಮ ಗಾಡಿ ತುಂಬಿದ ಮೇಲೆ. ನಿನ್ನ ಗಾಡಿ ಲೆಕ್ಕ ಬೇರೆಯಾಗಿ ಕಾಣಲಿ ಅಂತ ಅದಕ್ಕೆ ನಿನ್ನ ಗುರುತೇ ಹಾಕಬೇಕಂತೆ.”

ಒಬ್ಬರಿಗೊಬ್ಬರು ಕದ್ದು ಮಾಡಿಕೊಂಡ ಉಪಕಾರವನ್ನು ಕಂಪನಿ ಇಷ್ಟು ವರ್ಷ ಕಣ್ಣುಮುಚ್ಚಿದಂತೆ ನಟಿಸಿ ಅಳೆಯುತ್ತಿತ್ತು. ಈ ಹೆಂಗಸರ ಮೈಯಲ್ಲಿ ಇನ್ನೂ ಎಷ್ಟು ಮಿಕ್ಕಿದೆ, ಹಿಂಡಿದರೆ ಇನ್ನೆಷ್ಟು ಬರುತ್ತದೆ ಎನ್ನುವುದನ್ನು ಅದು ಅವರ ಪ್ರೀತಿಯಿಂದಲೇ ತಿಳಿದುಕೊಂಡಿತ್ತು. ಬಡವರ ಅಂತಃಕರಣದಲ್ಲೂ ಎಣ್ಣೆ ಕಾಣುವ ಗಾಣ ಅದು.

“ಮೇಜಿನಲ್ಲಿ ನಿನ್ನ ಹೆಸರು ದಿನಾ ಬರುತ್ತೆ,” ಗುದ್ದಲಿ ಹೇಳಿದಳು. “ಒಂದು ದಿನಾನೂ ತಪ್ಪಿಲ್ಲ. ಹೇಗೆ ಬರುತ್ತೆ ಅಂತ ಮಾತ್ರ ಕೇಳಬೇಡ. ನೀನು ಸಹಿ ಹಾಕ್ಲಿಲ್ಲ, ಸರಿ. ನಿನ್ನ ತಲೆ ಎತ್ತಿಹಿಡಿಯೋಕೆ ನಮ್ಮ ಸೊಂಟ ಬಗ್ಗಬೇಕಾ?”

“ಒಂದು ಸಲ ಬಂದು ಹೇಳಬಾರದಿತ್ತಾ?”

“ಏನಂತ ಹೇಳೋದು? ನಿನ್ನ ಮುಖ ನೋಡಿದ್ರೆ ಸಹಿ ಹಾಕಿದ್ದು ನೆನಪಾಗುತ್ತೆ. ನಿನ್ನ ಗುರುತು ನೋಡಿದ್ರೆ ಕೈ ನೋವು ನೆನಪಾಗುತ್ತೆ. ಎರಡನ್ನೂ ಹೊತ್ಕೊಂಡು ಆ ಮೆಟ್ಟಿಲು ಹತ್ತಲಾ?”

ಕಂಪನಿಯ ವ್ಯಾನೊಂದು ಬ್ರೆಡ್ಡು ತುಂಬಿಕೊಂಡು ಗೇಟಿನಿಂದ ಹೊರಟು ಹೋಯಿತು. ಗುದ್ದಲಿ ಕೈಚಾಚಿ ಬ್ರೆಡ್ಡಿನ ತುದಿಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು.

“ಉಪ್ಪು ಸರಿಯಾಗಿದೆ,” ಎಂದಳು. ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿ ಎಳ್ಳಕ್ಕನ ಕೈಗೇ ಇಟ್ಟಳು.

“ಕೊಯ್ಯಬೇಡಿ,” ಎಂದಳು ಎಳ್ಳಕ್ಕ.

“ಏನು?”

“ನನ್ನ ಗಾಡೀದು ಕೊಯ್ಯಬೇಡಿ. ಗುರುತಿಲ್ಲದೆ ಹಾಗೇ ಭಟ್ಟಿಗೆ ಹಾಕಿ.”

“ಒಡೆಯುತ್ತೆ.”

“ಒಡೀಲಿ.”

“ಯಾರು ಮಾಡಿದ್ದು ಅಂತ ಕೇಳ್ತಾನೆ.”

“ಗುರುತಿಲ್ಲದ್ದಕ್ಕೆ ಯಾರನ್ನ ಹಿಡೀತಾನೆ?”

“ಎಲ್ಲರನ್ನೂ,” ಎಂದಳು ಗುದ್ದಲಿ. “ನಿನಗೇನು, ಕಳ್ಕೊಳ್ಳೋಕೆ ಒಂದು ಎಳ್ಳುಕಾಳೂ ಉಳಿದಿಲ್ಲ. ಬಾಯಿಗೆ ಬಂದಿದ್ದು ಹೇಳ್ತೀಯ.” ಸೆರಗು ಬಿಗಿದುಕೊಂಡು ನಡೆದಳು. ತಿರುವಿನಲ್ಲಿ ತಿರುಗಿ ನೋಡುತ್ತಾಳೇನೋ ಎಂದು ಎಳ್ಳಕ್ಕ ನಿಂತಿದ್ದಳು. ನೋಡಲಿಲ್ಲ.

ಮೆಟ್ಟಿಲ ಬುಡದಲ್ಲಿ ಟೈಲರ್ ಗಂಟು ನೋಡಿ, “ಹೋದವು ವಾಪಸ್ ಬಂದ್ವಲ್ಲಕ್ಕ? ಮದುವೆ ಮುರೀತಾ?” ಎಂದ. ಅವಳು ಎರಡನ್ನೂ ಅವನಿಗೇ ಕೊಟ್ಟು ಮೇಲೆ ಹೋದಳು.

ಆಮೇಲಿನ ದಿನಗಳಲ್ಲಿ ಎಳ್ಳಕ್ಕ ಬ್ರೆಡ್ಡಿಗೆ ಗುರುತು ಹಾಕಲಿಲ್ಲ. ಮೊದಲ ಸಲ ಬ್ಲೇಡು ಹಿಡಿದ ಎಡಗೈ ಕಣಕದ ಮೇಲೆ ಬಹಳ ಹೊತ್ತು ನಿಂತಿತು. ಕೈಗೆ ಅರ್ಥವಾಗುತ್ತಿರಲಿಲ್ಲ. ಬಲಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿದಳು. ಕೊಯ್ಯದ ಬ್ರೆಡ್ಡು ಓವನ್ನಿನಲ್ಲಿ ಗುಂಡಗೆ, ಮೌನವಾಗಿ ಉಬ್ಬಿತು. ಆಮೇಲೆ ಬಡಕಲು ಮಗ್ಗುಲೊಂದನ್ನು ತಾನೇ ಹುಡುಕಿಕೊಂಡು ಅಲ್ಲಿ ಹರಿಯಿತು. ಹರಿದಲ್ಲಿಂದ ಒಳಗಿನ ಹಳದಿ ತಿರುಳು ಹೊರಚಾಚಿತ್ತು. ನೋಡಲು ಚೆಂದವಿರಲಿಲ್ಲ. ರುಚಿ ಅದೇ ಇತ್ತು.

ದಿನವೂ ಬೆಳಿಗ್ಗೆ ಮೂಲೆಯ ಅಂಗಡಿಗೆ ಹೋಗುವುದು ಮಾತ್ರ ಬಿಡಲಿಲ್ಲ. ಹೋಗುವಳು, ಎತ್ತಿ ನೋಡುವಳು, ಇಡುವಳು. ಅವಳ ಗುರುತು ಅಲ್ಲೇ ಇರುತ್ತಿತ್ತು. ಒಂದು ದಿನ ಆಳ, ಒಂದು ದಿನ ಹೆದರಿಕೆ, ಒಂದು ದಿನ ಸಿಟ್ಟು. ಬರಬರುತ್ತ ಅವಳಿಗೆ ಆ ಗೆರೆಗಳಲ್ಲಿ ಮೇಜಿನ ಸಮಾಚಾರವೆಲ್ಲ ತಿಳಿಯತೊಡಗಿತು. ಬಾಣಂತಿಯ ಗೆರೆ ನಾಲ್ಕು ದಿನ ಕಾಣದಿದ್ದರೆ ಮಗುವಿಗೆ ಏನಾಯಿತೋ ಎಂದು ಅಂಗಡಿಯ ಮುಂದೆ ನಿಂತು ಒದ್ದಾಡುವಳು. ಗುದ್ದಲಿಯ ಗೆರೆ ದಿನದಿಂದ ದಿನಕ್ಕೆ ತೇಲುತ್ತ ಬಂತು; ಮಣಿಕಟ್ಟಿನ ನೋವು ಹೆಚ್ಚಿದೆ. ಯಾರನ್ನೂ ಕೇಳುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. ಅವರೆಲ್ಲ ಕೈಗೆ ಸಿಗುವಷ್ಟು ಹತ್ತಿರ ಇದ್ದರು, ಮಾತಿಗೆ ಒಬ್ಬರೂ ಇರಲಿಲ್ಲ.

“ಎಷ್ಟು ದಿನ ಅಂತ ಕನ್ಯೆ ನೋಡ್ತೀರಕ್ಕ?” ಅಂಗಡಿಯವನು ಅನ್ನುವನು. “ಒಪ್ಪಿಗೆ ಆಗಲೇ ಇಲ್ವಾ?”

“ಜಾತಕ ಕೂಡಿಬರ್ತಿಲ್ಲ,” ಅನ್ನುವಳು ಅವಳು.

ಹಾಗೆ ಒಂದು ಬೆಳಿಗ್ಗೆ ಬ್ರೆಡ್ಡಿನ ರಾಶಿಯಲ್ಲಿ ಅವಳು ಹುಡುಕುತ್ತಿರುವಾಗ ಅಂಗಡಿಯವನು ಗೊಣಗಿಕೊಂಡು ಒಂದನ್ನು ಬೇರೆ ತೆಗೆದು ಕಾಲ ಬಳಿಯ ಬುಟ್ಟಿಗೆ ಎಸೆದ.

“ಯಾಕದು?”

“ಒಡೆದದ್ದಕ್ಕ. ವಾಪಸ್ ಕಳಿಸಬೇಕು. ಕಂಪನಿಯವರಿಗೂ ಈಗೀಗ ಕೈ ನಿಲ್ತಿಲ್ಲ ನೋಡಿ.”

ಎಳ್ಳಕ್ಕ ಬಗ್ಗಿ ಬುಟ್ಟಿಯಿಂದ ಅದನ್ನು ಎತ್ತಿದಳು. ನೆತ್ತಿ ನುಣ್ಣಗೆ, ಎಳ್ಳು ತುಂಬಿಕೊಂಡು, ಒಂದು ಗೀರಿಲ್ಲದೆ. ಮಗ್ಗುಲು ಹರಿದು ಬಾಯಿಬಿಟ್ಟಿತ್ತು.

“ಇದು ಕೊಡು.”

“ಬೇಡ ಬಿಡಿ, ಚೆನ್ನಾಗಿರೋದು ಕೊಡ್ತೀನಿ.”

“ಇದೇ ಬೇಕು.”

“ಇಷ್ಟು ದಿನ ನೋಡಿ ನೋಡಿ ಇದನ್ನಾ ಒಪ್ಪಿದ್ದು?” ಅವನು ಹಣೆ ಚಚ್ಚಿಕೊಂಡ.

ಮನೆಗೆ ತಂದು ಮೇಜಿನ ಮೇಲಿಟ್ಟಳು. ಕಂಪನಿಯ ಬ್ರೆಡ್ಡನ್ನು ಅವಳಾಗಿಯೇ ಮೆಟ್ಟಿಲು ಹತ್ತಿಸಿದ್ದು ಅದೇ ಮೊದಲು. ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ತಿರುಗಿಸಿ ತಿರುಗಿಸಿ ನೋಡಿದಳು. ಬ್ಲೇಡು ಮರೆತದ್ದಿರಬಹುದೇ? ಆ ಮೇಜಿನಲ್ಲಿ ನಿಂತವರು ಹೆಸರು ಮರೆತಾರು, ಬ್ಲೇಡು ಮರೆಯರು. ಇದು ಬೇಕೆಂದೇ ಬಿಟ್ಟದ್ದು.

ಹೊಲಿಯಲು ಅಂಗಿಗಳನ್ನು ತಂದ ಟೈಲರ್ ಬಾಗಿಲಲ್ಲೇ ನಿಂತ. “ಮತ್ತೆ ನಿಮ್ಮದು ಒಡೀತಾ ಅಕ್ಕ?”

“ನಂದಲ್ಲ.”

“ಮತ್ತೆ ಯಾರದು? ಕೈ ನೋಡಿ ಹೇಳ್ತೀರಲ್ಲ, ಹೇಳಿ.”

ಅವಳು ಬ್ರೆಡ್ಡನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದಳು. ಆಳವಿಲ್ಲ, ತೆಳುವಿಲ್ಲ, ಎಡವಿಲ್ಲ, ಬಲವಿಲ್ಲ. ಓದಲು ಅಲ್ಲಿ ಏನೂ ಇರಲಿಲ್ಲ.

“ಗೊತ್ತಿಲ್ಲಪ್ಪ,” ಎಂದಳು.

ಅವನು ಅಂಗಿಗಳನ್ನಿಟ್ಟು ಇಳಿದುಹೋದ. ಕೆಳಗೆ ಯಂತ್ರ ಮತ್ತೆ ಶುರುವಾಯಿತು. ಎಳ್ಳಕ್ಕ ಮಗ್ಗುಲು ಹರಿದ ಕಡೆಯಿಂದಲೇ ಒಂದು ಚೂರು ಮುರಿದುಕೊಂಡಳು. ಅಗಿಯುತ್ತ ಮೇಜಿನ ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ನೆನೆದಳು: ಮಣಿಕಟ್ಟಿಗೆ ಬಟ್ಟೆ ಸುತ್ತಿದವಳು, ತಲೆ ಬಗ್ಗಿಸಿ ನಡೆದವಳು, ಮಹಾರಾಣಿಯೆಂದು ಹಂಗಿಸಿದವಳು, ಹೆಸರಿಗೆ ಮಾತ್ರ ಪರಿಚಯವಿದ್ದವಳು. ಇವಳಾಗಿರಲಾರಳು ಎಂದು ಯಾರನ್ನಾದರೂ ಬಿಟ್ಟುಬಿಡಲು ನೋಡಿದಳು. ಯಾರನ್ನೂ ಬಿಡಲು ಆಗಲಿಲ್ಲ.